ಪಿಚರ್ ಎಂಟಕ್ಕೋ ಒಂಬತ್ತಕ್ಕೋ: ನನ್ನ ಬೇಸ್‌ಬಾಲ್ ಸಿಮ್ಯುಲೇಟರ್ ಎಲ್ಲಿಗೆ ಬಂತು

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ನನ್ನು ಬ್ಯಾಟಿಂಗ್ ಕ್ರಮದಲ್ಲಿ ಎಂಟಕ್ಕೆ ಹಾಕಬೇಕೋ ಒಂಬತ್ತಕ್ಕೋ ಎಂಬುದು ನನ್ನ ಪ್ರಶ್ನೆ. ಒಂಬತ್ತು ಬ್ಯಾಟರ್‌ಗಳ ಅಂಕಿ ಅಂಶ ಕೊಟ್ಟರೆ ಆ ಕ್ರಮದಲ್ಲೇ ಸಾವಿರಾರು ಪಂದ್ಯ ಆಡಿಸಿ, ಪಂದ್ಯಕ್ಕೆ ಸರಾಸರಿ ಎಷ್ಟು ರನ್ ಬರುತ್ತದೆ ಎಂದು ಹೇಳುವ ಪೈಥಾನ್ ಪ್ರೋಗ್ರಾಂ ಈಗ ನಂಬುವ ಹಂತಕ್ಕೆ ಬಂದಿದೆ. ಮಳೆಗಾಲದಲ್ಲಿ ಸಾಗರದ ಕಡೆ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಹಾಗಾಗಿ ಲೆಕ್ಕವನ್ನು ಆಗಾಗ ಫೈಲಿಗೆ ಬರೆದಿಟ್ಟು, ನಿಂತಲ್ಲಿಂದಲೇ ಮುಂದುವರಿಸುವ ವ್ಯವಸ್ಥೆಯನ್ನೂ ಸೇರಿಸಿದ್ದೇನೆ.

"ಒಳ್ಳೆ ಬ್ಯಾಟ್ಸ್‌ಮನ್‌ನ ಮೂರಕ್ಕೋ ನಾಲ್ಕಕ್ಕೋ ಹಾಕಿದ್ರೆ ಆತು, ಅದಕ್ಕೆಂತ ಕಂಪ್ಯೂಟ್ರು ಮಾರಾಯ?" ಅಂತ ನಮ್ಮ ಟೆನಿಸ್ ಬಾಲ್ ಟೀಮಿನ ಗೆಳೆಯ ಕೇಳಿದ. ಕ್ರಿಕೆಟ್‌ನಲ್ಲಿ ಅವನ ಮಾತು ಸರಿ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ನಾಲ್ಕಕ್ಕೆ ಬರುತ್ತಿದ್ದರೆ ಅದಕ್ಕೊಂದು ಅರ್ಥವಿತ್ತು. ಹೊಸ ಚೆಂಡು ಸ್ವಲ್ಪ ಹಳತಾಗಿರುತ್ತಿತ್ತು, ಮುಂದೆ ಆಡಲು ಸಮಯ ಇರುತ್ತಿತ್ತು. ಬೇಸ್‌ಬಾಲ್‌ನಲ್ಲಿ ಔಟಾದವನು ಮನೆಗೆ ಹೋಗುವುದಿಲ್ಲ. ಒಂಬತ್ತನೆಯವನ ನಂತರ ಮತ್ತೆ ಒಂದನೆಯವನೇ ಬರುತ್ತಾನೆ, ಮೂರು ಔಟಿಗೆ ಇನಿಂಗ್ಸ್ ಮುಗಿದರೆ ಮುಂದಿನ ಇನಿಂಗ್ಸ್ ಅಲ್ಲಿಂದಲೇ ಶುರು. ಬರೆದುಕೊಟ್ಟ ಕ್ರಮ ಬರೆದ ಹಾಗೇ ನಡೆಯುವ ಖಾತ್ರಿ ಇರುವುದು ಮೊದಲ ಇನಿಂಗ್ಸ್‌ಗೆ ಮಾತ್ರ. ಆಮೇಲೆ ಅದೊಂದು ಸುತ್ತು. ಯಾರ ಹಿಂದೆ ಯಾರು ಬರುತ್ತಾರೆ, ಯಾರಿಗೆ ಎಷ್ಟು ಸರದಿ ಸಿಗುತ್ತದೆ, ಇವೆರಡೇ ಉಳಿಯುವ ಪ್ರಶ್ನೆಗಳು.

ಸರದಿಯ ಲೆಕ್ಕ ನನಗೆ ಬಹಳ ಹಿಡಿಸಿತು. ಪಂದ್ಯ ಯಾರ ಸರದಿಗೆ ಮುಗಿಯುತ್ತದೆ ಎನ್ನುವುದು ಒಂಬತ್ತೂ ಜನರಿಗೆ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋಗುತ್ತದೆ. ಆದ್ದರಿಂದ ಒಂದು ಸ್ಥಾನ ಕೆಳಗಿಳಿದರೆ ಪಂದ್ಯಕ್ಕೆ ಒಂದರಲ್ಲಿ ಒಂಬತ್ತನೇ ಭಾಗದಷ್ಟು ಸರದಿ ಕಡಿಮೆಯಾಗುತ್ತದೆ. 162 ಪಂದ್ಯಗಳ ಸೀಸನ್‌ಗೆ ಅದು 18 ಸರದಿ.

ಪರೀಕ್ಷೆಗೆ ಆರಿಸಿಕೊಂಡದ್ದು 1998ರ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎಂಬ ಅಮೆರಿಕದ ತಂಡ. ಬೇಸ್‌ಬಾಲ್‌ನಲ್ಲಿ ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಹೊಡೆತಕ್ಕೆ ಒಂದು ಬೇಸ್ ಸಿಕ್ಕರೆ ಸಿಂಗಲ್, ಎರಡಾದರೆ ಡಬಲ್, ಮೂರಾದರೆ ಟ್ರಿಪಲ್, ನಾಲ್ಕೂ ಸುತ್ತಿದರೆ ಹೋಮ್ ರನ್. ಪಿಚರ್ ನಾಲ್ಕು ಚೆಂಡು ಹೊರಗೆ ಎಸೆದರೆ ಪುಕ್ಕಟೆ ಸಿಗುವ ಮೊದಲ ಬೇಸ್‌ಗೆ ವಾಕ್ ಎನ್ನುತ್ತಾರೆ. ಆ ವರ್ಷ ಅದರ ಬ್ಯಾಟರ್ ಮಾರ್ಕ್ ಮೆಗ್ವೈರ್ 70 ಹೋಮ್ ರನ್ ಹೊಡೆದರು. ಅವರ 681 ಸರದಿಗಳಲ್ಲಿ 162 ವಾಕ್, ಚೆಂಡು ಮೈಗೆ ತಾಗಿ ಬೇಸ್ ಸಿಕ್ಕಿದ್ದು 6, ಸಿಂಗಲ್ 61, ಡಬಲ್ 21, ಟ್ರಿಪಲ್ ಒಂದೂ ಇಲ್ಲ. ಉಳಿದದ್ದು ಬಹುತೇಕ ಔಟ್. ಪ್ರೋಗ್ರಾಂಗೆ ಬೇಕಾದದ್ದು ಇಷ್ಟೇ: ಸೊನ್ನೆಯಿಂದ ಒಂದರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆದು, ಅದು ಯಾವ ಪಾಲಿಗೆ ಬಿತ್ತು ಎಂದು ನೋಡುವುದು. ಕಷ್ಟ ಇರುವುದು ಓಟಗಾರರಲ್ಲಿ. ಸಿಂಗಲ್ ಬಿದ್ದಾಗ ಎರಡನೇ ಬೇಸ್‌ನವನು ಮನೆ (ಕೊನೆಯ ಬೇಸ್) ಮುಟ್ಟುತ್ತಾನೋ ಮೂರರಲ್ಲೇ ನಿಲ್ಲುತ್ತಾನೋ? ಇದಕ್ಕೆ ರೆಟ್ರೋಶೀಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಆಟದ ದಾಖಲೆಗಳಿಂದ ಪ್ರಮಾಣ ತೆಗೆದು ಹಾಕಿದ್ದೇನೆ. ಪ್ರತಿ ಸರದಿಯನ್ನೂ ಹೀಗೆ ಬರೆದಿಟ್ಟು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಇನ್ನು ಎಲ್ಲರೂ ಕಡೆಗಣಿಸುವ ವಿಷಯ. ಒಂದು ಪಂದ್ಯದಲ್ಲಿ ತಂಡದ ರನ್ ಸರಾಸರಿಯಿಂದ ಆಚೀಚೆ ಸರಿಯುವ ಪ್ರಮಾಣ, ಅಂದರೆ ಪ್ರಮಾಣ ವಿಚಲನೆ, ಸುಮಾರು 3 ರನ್. ಒಂದು ಕ್ರಮವನ್ನು 10,000 ಪಂದ್ಯ ಆಡಿಸಿದರೆ ಸರಾಸರಿಯ ಅನಿಶ್ಚಿತತೆ 0.03 ರನ್. ಸಣ್ಣದು ಅನ್ನಿಸುತ್ತದೆ. ಆದರೆ ಎರಡು ಕ್ರಮಗಳ ವ್ಯತ್ಯಾಸ ನೋಡುವಾಗ ಅದು 0.042 ಆಗುತ್ತದೆ, 162ರಿಂದ ಗುಣಿಸಿದರೆ ಸೀಸನ್‌ಗೆ ಸುಮಾರು 7 ರನ್. ನಾವು ಹುಡುಕುತ್ತಿರುವ ಲಾಭವೇ ಅದಕ್ಕಿಂತ ಕಡಿಮೆ ಇರಬಹುದು. ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಲಿಕ್ಕೆ ಆಗುವುದಿಲ್ಲ. ಹತ್ತು ಲಕ್ಷ ಪಂದ್ಯ ಆಡಿಸಿದರೆ ಈ ಅನಿಶ್ಚಿತತೆ ಸೀಸನ್‌ಗೆ 0.7 ರನ್ನಿಗೆ ಇಳಿಯುತ್ತದೆ. ಆದರೆ ಒಂಬತ್ತು ಜನರನ್ನು 3,62,880 ರೀತಿ ಜೋಡಿಸಬಹುದು. ಪ್ರತಿಯೊಂದಕ್ಕೂ ಹತ್ತು ಲಕ್ಷ ಪಂದ್ಯ ಆಡಿಸುವುದು ನನ್ನ ಲ್ಯಾಪ್‌ಟಾಪಿಗೆ ಸಾಧ್ಯವಿಲ್ಲದ ಮಾತು.

ಅದಕ್ಕೇ ಮಾರ್ಕೋವ್ ಸರಪಳಿಗೆ ಬಂದೆ. ಈಗಿನ ಸ್ಥಿತಿಯಿಂದ ಮುಂದಿನ ಸ್ಥಿತಿಗೆ ಹೋಗುವ ಸಂಭವನೀಯತೆಯನ್ನಷ್ಟೇ ನೋಡುವ ಲೆಕ್ಕ ಅದು. ಬೇಸ್‌ಗಳು ತುಂಬಿರುವ ಬಗೆ 8, ಔಟ್ 0, 1 ಅಥವಾ 2. ಒಟ್ಟು 24 ಸ್ಥಿತಿ, ಮೂರನೇ ಔಟ್ ಸೇರಿದರೆ 25. ಪ್ರತಿ ಬ್ಯಾಟರ್‌ಗೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಸಂಭವನೀಯತೆಯ ಕೋಷ್ಟಕ ಇದ್ದರೆ ಸಾಕು. ಪಂದ್ಯ ಆಡಿಸದೇ ಸರಾಸರಿ ರನ್ ನೇರವಾಗಿ ಸಿಗುತ್ತದೆ, ಅದೃಷ್ಟದ ಏರಿಳಿತವೇ ಇರುವುದಿಲ್ಲ. ಬ್ಯಾಟಿಂಗ್ ಕ್ರಮಕ್ಕೆ ಈ ದಾರಿಯನ್ನು ಬುಕಿಯೆಟ್, ಹೆರಾಲ್ಡ್, ಪಲಾಸಿಯೋಸ್ ಎಂಬ ಮೂವರು 1997ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದಾರೆ. ಸಿಮ್ಯುಲೇಟರನ್ನು ಬಿಟ್ಟಿಲ್ಲ. ಎರಡರ ಉತ್ತರವೂ ಒಂದೇ ಬರುತ್ತದೆಯೇ ಎಂದು ತಾಳೆ ನೋಡಲು ಅದು ಬೇಕು.

ಈಗ ಮುಖ್ಯ ಪ್ರಶ್ನೆ. 1998ರ ಜುಲೈನಲ್ಲಿ ಕಾರ್ಡಿನಲ್ಸ್ ತಂಡದ ಮ್ಯಾನೇಜರ್ ಟೋನಿ ಲಾ ರುಸ್ಸಾ ಪಿಚರ್‌ನನ್ನು ಒಂಬತ್ತರ ಬದಲು ಎಂಟಕ್ಕೆ ತಂದರು. ಪಿಚರ್ ಅಂದರೆ ನಮ್ಮ ಹನ್ನೊಂದನೇ ಕ್ರಮಾಂಕದವನ ಹಾಗೆ, ಬ್ಯಾಟು ಹಿಡಿಯುವುದು ಅವನ ಕೆಲಸವಲ್ಲ. ಮೂರಕ್ಕೆ ಬರುವ ಮೆಗ್ವೈರ್ ಮುಂದೆ 9, 1, 2 ಹೀಗೆ ಮೂವರು ನಿಜವಾದ ಬ್ಯಾಟರ್‌ಗಳಿದ್ದರೆ ಬೇಸ್‌ನಲ್ಲಿ ಜನ ಹೆಚ್ಚಿರುತ್ತಾರೆ ಎಂಬುದು ಅವರ ಯೋಚನೆ. ಅದಕ್ಕೆ ತೆರಬೇಕಾದ ಬೆಲೆ, ಅತಿ ದುರ್ಬಲ ಸ್ಥಾನಕ್ಕೆ ಸೀಸನ್‌ಗೆ 18 ಸರದಿ ಹೆಚ್ಚು. ಆದರೆ ಆ ಹೆಚ್ಚುವರಿ ಸರದಿ ಬರುವುದು ಪಂದ್ಯದ ಕೊನೆಗೆ. ಅಷ್ಟೊತ್ತಿಗೆ ಪಿಚರ್ ಹೊರಗೆ ಹೋಗಿ, ಅವನ ಜಾಗದಲ್ಲಿ ಪಿಂಚ್ ಹಿಟ್ಟರ್ ಎಂಬ ಬದಲಿ ಬ್ಯಾಟರ್ ಬ್ಯಾಟು ಹಿಡಿದಿರುತ್ತಾನೆ! ಮೂರನೇ ಸರದಿಯಿಂದ ಆ ಸ್ಥಾನಕ್ಕೆ ಪಿಂಚ್ ಹಿಟ್ಟರ್‌ನ ಅಂಕಿಗಳನ್ನು ಹಾಕಿದ ಮೇಲೆ ನನ್ನ ಲೆಕ್ಕದಲ್ಲಿ ಎಂಟೇ ಮುಂದೆ ಬಂತು. ಇಡೀ ಸೀಸನ್‌ಗೆ ಒಂದೆರಡು ರನ್, ಅಷ್ಟೇ. ಆದರೂ ದಿಕ್ಕು ಸರಿಯಿತ್ತು. ಲಾ ರುಸ್ಸಾ ಯೋಚಿಸಿದ ರೀತಿ ನನಗೆ ಬಹಳ ಇಷ್ಟವಾಯಿತು.

2022ರಿಂದ ಅಮೆರಿಕದ ಎರಡೂ ದೊಡ್ಡ ಲೀಗ್‌ಗಳಲ್ಲಿ ಪಿಚರ್ ಬದಲಿಗೆ ಬ್ಯಾಟಿಂಗ್ ಮಾತ್ರ ಮಾಡುವ ಡೆಸಿಗ್ನೇಟೆಡ್ ಹಿಟ್ಟರ್ ಬಂದಿರುವುದರಿಂದ ಈ ಪ್ರಶ್ನೆ ಈಗ ಚರಿತ್ರೆಗೆ ಸೇರಿದೆ. ನನ್ನ ಕೋಷ್ಟಕಗಳಲ್ಲಿ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವುದು) ಇನ್ನೂ ಎಲ್ಲರಿಗೂ ಒಂದೇ ಪ್ರಮಾಣದಲ್ಲಿದೆ. ನಿಧಾನ ಓಡುವವನಿಗೂ ಜೋರಾಗಿ ಓಡುವವನಿಗೂ ಅದನ್ನು ಬೇರೆ ಮಾಡಬೇಕು, ಆಮೇಲೆ ಬೇಸ್ ಕದಿಯುವುದನ್ನು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವುದನ್ನು, ಸೇರಿಸಬೇಕು. ಮುಂದಿನ ಕೆಲಸ ಅದೇ.