ಪಿಯಾನೋ ಟ್ಯೂನಿಂಗಿಗೆ ಜೂನ್ ಹೊತ್ತಲ್ಲ

ಶಾಲೆ ಶುರುವಾಗುವ ಮುಂಚೆ ಬೆಂಚು, ಫ್ಯಾನುಗಳ ಜೊತೆಗೇ ಪಿಯಾನೋವನ್ನೂ ಸರಿಮಾಡಿಸಿಬಿಡೋಣ ಅನಿಸುತ್ತದೆ. ಬೆಳಗಾವಿಯಲ್ಲಿ ಹಾಗೆ ಮಾಡಿದರೆ ಆ ದುಡ್ಡು ಜುಲೈ ಮಳೆಯಲ್ಲಿ ಕೊಚ್ಚಿಹೋದಂತೆಯೇ.

ತಂತಿಗಳ ಹಿಂದಿರುವ ಸೌಂಡ್‌ಬೋರ್ಡ್ ಎಂದರೆ 8–10 ಮಿ.ಮೀ. ದಪ್ಪದ ಸ್ಪ್ರೂಸ್ ಮರದ ಹಲಗೆ. ತೇವ ಹೀರಿದರೆ ಅದು ಉಬ್ಬಿ, ತಂತಿಗಳನ್ನು ಹೊತ್ತ ಮರದ ಪಟ್ಟಿಯಾದ ಬ್ರಿಡ್ಜನ್ನು ತಂತಿಗಳತ್ತ ನೂಕುತ್ತದೆ. ತಂತಿ ಬಿಗಿದು ಸ್ವರ ಏರುತ್ತದೆ. ಒಣಗಿದರೆ ಇಳಿಯುತ್ತದೆ. ಎಲ್ಲವೂ ಒಂದೇ ಸಮ ಏರಿದ್ದರೆ ಹೇಗೋ ಸುಧಾರಿಸಬಹುದಿತ್ತು, ಆದರೆ ನಡುವಿನ ಸ್ವರಗಳೇ ಹೆಚ್ಚು ಏರುತ್ತವೆ. ಎಡದಿಂದ ಒಂದೊಂದೇ ಕೀ ಒತ್ತುತ್ತ ಬನ್ನಿ: ತಾಮ್ರ ಸುತ್ತಿದ ತಂತಿ ಮುಗಿದು ಬರೀ ಉಕ್ಕಿನ ತಂತಿ ಶುರುವಾಗುವ ಕಡೆ ಮೆಟ್ಟಿಲು ತಪ್ಪಿದ ಹಾಗೆ ಕೇಳುತ್ತದೆ.

ಕೋಣೆಯಲ್ಲಿ ಪೇಟಿ (ಹಾರ್ಮೋನಿಯಂ) ಇದ್ದರೆ ಪರೀಕ್ಷೆ ಸುಲಭ. ಅದರ ಹಿತ್ತಾಳೆ ರೀಡು ತೇವಕ್ಕೆ ಜಗ್ಗುವುದಿಲ್ಲ. ಟ್ಯೂನ್ ಆದ ದಿನವೇ ಎರಡರಲ್ಲೂ ಬಿಳಿ 6 (ಅಂದರೆ ಎ ಸ್ವರ) ಒಟ್ಟಿಗೆ ನುಡಿಸಿ ಕೇಳಿಟ್ಟುಕೊಳ್ಳಿ. ಅಂದು ಎರಡೂ ಸೆಕೆಂಡಿಗೆ 440 ಕಂಪನದಲ್ಲಿ ಕೂಡಿದ್ದು, ತಿಂಗಳ ಮೇಲೆ ನಾದ ಸೆಕೆಂಡಿಗೆ ಎರಡು ಸಲ ಅಲೆಯಾಡಿದರೆ ಪಿಯಾನೋ ಸುಮಾರು 442ಕ್ಕೆ ಏರಿದೆ ಎಂದರ್ಥ.

ಟ್ಯೂನರ್‌ನನ್ನು ಕ್ಯಾಲೆಂಡರ್ ನೋಡಿ ಕರೆಸಬೇಡಿ. ಪಿಯಾನೋ ಪಕ್ಕ ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಇಡಿ. ಎರಡು ಮೂರು ವಾರ ಅಂಕಿ ಹೆಚ್ಚು ಕದಲದಿದ್ದರೆ ಆಗ ಕರೆಸಿ. ವರ್ಷಕ್ಕೆ ಒಂದೇ ಸಲದ ದುಡ್ಡಿದ್ದರೆ ನವೆಂಬರ್ ಕೊನೆ ಒಳ್ಳೆಯದು, ಶಾಲೆಯ ಗ್ಯಾದರಿಂಗಿಗೂ (ವಾರ್ಷಿಕೋತ್ಸವಕ್ಕೂ) ಒದಗುತ್ತದೆ. ವಿಜಯಪುರದ ಬೇಸಿಗೆಯ ಕಾಟ ಬೇರೆ: ತಂತಿ ಸುತ್ತಿದ ಪಿನ್ನು ಹಿಡಿದಿರುವ ಹಲಗೆಯೇ ಒಣಗಿ, ತಿರುಗಿಸಿದ ಪಿನ್ನು ನಿಂತಲ್ಲಿ ನಿಲ್ಲುವುದಿಲ್ಲ.

ಮಳೆಗಾಲದಲ್ಲಿ ಒತ್ತಿದ ಕೀ ಮೇಲೇಳದಿದ್ದರೆ ಅದು ಟ್ಯೂನಿಂಗಿನ ದೋಷವಲ್ಲ. ಹೆಚ್ಚಾಗಿ ಕೀಯ ಪಿನ್ನಿಗೆ ತಾಗುವ ಫೆಲ್ಟ್ ಊದಿಕೊಂಡಿರುತ್ತದೆ. ಅದನ್ನು ಅದಕ್ಕೆಂದೇ ಇರುವ ಇಕ್ಕಳದಿಂದ ತುಸುವೇ ಅದುಮಿ ಸಡಿಲಿಸಬೇಕು. ಎಣ್ಣೆ ಮಾತ್ರ ಬಿಡಬೇಡಿ. ಫೆಲ್ಟ್ ಅದನ್ನು ಕುಡಿದು ಧೂಳು ಹಿಡಿದು ಇನ್ನೂ ಕೆಡುತ್ತದೆ.

ಮಳೆ ಹೊಡೆಯುವ ಹೊರಗೋಡೆಗೆ ಪಿಯಾನೋದ ಬೆನ್ನು ಆನಿಸಬೇಡಿ, ಒಳಗೋಡೆಯಿಂದಲೂ ಗೇಣುದ್ದ ದೂರವಿರಲಿ. ಒಳಗೆ ಬಲ್ಬ್ ಉರಿಸುವವರಿದ್ದಾರೆ. ಅದು ಒಂದೇ ಜಾಗ ಕಾಯಿಸುತ್ತದೆ, ಬೆಂಕಿಯ ಭಯ ಬೇರೆ. ಹ್ಯುಮಿಡಿಸ್ಟಾಟ್ ಇರುವ ಹೀಟರ್ ರಾಡ್ ವಾಸಿ. ತೇವ ಮಿತಿ ದಾಟಿದಾಗಷ್ಟೇ ಉರಿಯುತ್ತದೆ. ಆದರೆ ಸಂಜೆ ಶಾಲೆ ಬಿಟ್ಟೊಡನೆ ಸಿಪಾಯಿ ಮೇನ್ ಸ್ವಿಚ್ ಇಳಿಸಿದರೆ ರಾಡೂ ಆರುತ್ತದೆ. ಹಗಲು ಒಣಗಿ ರಾತ್ರಿ ನೆನೆಯುವ ಹಲಗೆ, ಇಡೀ ಹೊತ್ತು ನೆಂದೇ ಇರುವ ಹಲಗೆಗಿಂತ ಹೆಚ್ಚು ಅಲುಗುತ್ತದೆ. ಆ ಒಂದು ಪ್ಲಗ್ಗಿಗೆ ಬೇರೆಯೇ ಲೈನ್ ಎಳೆಸಿ, ಸ್ವಿಚ್ಚಿನ ಮೇಲೆ ‘ಆರಿಸಬೇಡಿ’ ಅಂತ ಚೀಟಿ ಅಂಟಿಸಿ.