ಕಸಕ್ಕೆ ಹೋದ ಮೂರನೇ ಅಧ್ಯಾಯ

ಇಸ್ಲಾಮಿಕ್ ಕಾನೂನಿನ ಮೇಲಿನ ನನ್ನ ಪಿಎಚ್‌ಡಿಯ ಮೂರನೇ ಅಧ್ಯಾಯ ಬರೆಯಲು ಹನ್ನೊಂದು ತಿಂಗಳು ಹಿಡಿದಿತ್ತು. ಅದು ಕಸಕ್ಕೆ ಹೋಗಲು ಒಂದೇ ಪ್ರಶ್ನೆ ಸಾಕಾಯಿತು.

"ನೀನು ಓದಿರೋದು ಯಾವ ಹಿದಾಯಾ?" ಎಂದು ಗೈಡ್ ಕೇಳಿದರು. ಪುಸ್ತಕ ಮುಂದಿಟ್ಟೆ. ಇಂಗ್ಲಿಷಿನದು, ದಪ್ಪಗಿನದು, ಪುಟ ಪುಟಕ್ಕೂ ನಾನು ಅಂಟಿಸಿದ ಹಳದಿ ಚೀಟಿ. ಅವರು ಚೀಟಿಗಳ ಕಡೆ ನೋಡಲೇ ಇಲ್ಲ. ಪುಸ್ತಕದ ಮುನ್ನುಡಿ ತೆಗೆದು ನನ್ನ ಕಡೆ ತಿರುಗಿಸಿಟ್ಟು ಸುಮ್ಮನೆ ಕೂತರು. ಮುನ್ನುಡಿ ನಾನು ಓದಿರಲಿಲ್ಲ. ಕಾನೂನು ಓದಿದವರಿಗೆ ಇದೊಂದು ಕೆಟ್ಟ ಚಟ. ನೇರ ವಿಷಯಸೂಚಿಗೆ ಹೋಗಿ ಬೇಕಾದ ಪುಟ ತೆರೆಯುತ್ತೇವೆ, ಬೇಕಾದ ಸಾಲು ಎತ್ತಿಕೊಂಡು ಬರುತ್ತೇವೆ.

ಹಿದಾಯಾ ಅಂದರೆ 12ನೇ ಶತಮಾನದಲ್ಲಿ ಮಧ್ಯ ಏಷ್ಯಾದ ಮರ್ಗಿನಾನಿ ಎಂಬ ವಿದ್ವಾಂಸರು ಅರಬಿಯಲ್ಲಿ ಬರೆದ, ಸುನ್ನಿ ಮುಸ್ಲಿಮರ ಕಾನೂನು ಪಂಥಗಳಲ್ಲಿ ಒಂದಾದ ಹನಫಿ ಪಂಥದ ಕಾನೂನು ಗ್ರಂಥ. ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಆದರೆ ಅವನು ಅನುವಾದಕ್ಕೆ ಹಿಡಿದುಕೊಂಡಿದ್ದು ಈಸ್ಟ್ ಇಂಡಿಯಾ ಕಂಪನಿಯವರು ಬಂಗಾಳದಲ್ಲಿ ಮೌಲ್ವಿಗಳಿಂದ ಬರೆಸಿದ ಪರ್ಷಿಯನ್ ಅನುವಾದವನ್ನು. ಅರ್ಥ ಆಗಲಿ ಅಂತ ಮೌಲ್ವಿಗಳು ಅಲ್ಲಲ್ಲಿ ಸೇರಿಸಿದ ವಿವರಣೆಯೂ ಅದರಲ್ಲಿ ಕಲೆತುಹೋಗಿತ್ತು. ಅಂದರೆ ನಾನು ಹನ್ನೊಂದು ತಿಂಗಳು "ಇಸ್ಲಾಮಿಕ್ ಕಾನೂನು ಹೀಗೆ ಹೇಳುತ್ತದೆ" ಎಂದು ಬರೆದಿದ್ದು ಅನುವಾದದ ಅನುವಾದವನ್ನು ನಂಬಿಕೊಂಡು.

ಬೇಜಾರಾಯಿತು, ಸುಳ್ಳು ಹೇಳಲ್ಲ. ಒಂದು ವಾರ ಕಂಪ್ಯೂಟರ್ ತೆರೆಯಲಿಲ್ಲ. ಆಮೇಲೆ ನಿಧಾನಕ್ಕೆ ತಲೆಗೆ ಹೋಯಿತು, ನನ್ನ ತಪ್ಪು ನಾನೊಬ್ಬನೇ ಮಾಡಿದ್ದಲ್ಲ, ಅದಕ್ಕೆ ಇನ್ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ ಅಂತ.

1772ರಲ್ಲಿ ಕಂಪನಿಯ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್ ಒಂದು ಯೋಜನೆ ಹಾಕಿದ. ಮದುವೆ, ಪಿತ್ರಾರ್ಜಿತ ಆಸ್ತಿಯಂಥ ವಿಷಯದಲ್ಲಿ ಮುಸ್ಲಿಮರಿಗೆ ಕುರಾನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರ. ಕೇಳುವುದಕ್ಕೆ ಧಾರಾಳವಾಗಿದೆ. ಆದರೆ ತೀರ್ಪು ಕೊಡುವ ಕಂಪನಿಯ ಜಡ್ಜ್‌ಗೆ ಅರಬಿಯೂ ಬರುವುದಿಲ್ಲ, ಸಂಸ್ಕೃತವೂ ಬರುವುದಿಲ್ಲ. ಪಕ್ಕದಲ್ಲಿ ಮೌಲ್ವಿಯನ್ನೋ ಪಂಡಿತರನ್ನೋ ಕೂರಿಸಿಕೊಂಡ, ಆದರೆ ಅವರ ಮೇಲೆ ಅವನಿಗೆ ನಂಬಿಕೆಯಿಲ್ಲ. ಹಾಗಾಗಿ ಕೈಯಲ್ಲಿ ಹಿಡಿಯುವಂಥ ಒಂದು ಪುಸ್ತಕ ಬೇಕಾಯಿತು. ಪುಸ್ತಕ ಸಿಕ್ಕಿತು. 1864ರಲ್ಲಿ ಆ ಮೌಲ್ವಿ, ಪಂಡಿತರ ಹುದ್ದೆಗಳನ್ನೂ ತೆಗೆದುಹಾಕಿದರು.

ಪುಸ್ತಕ ಉಳಿಯಿತು, ಅದನ್ನು ಓದುವ ಕ್ರಮ ಹೋಯಿತು. ಮೂಲ ಹಿದಾಯಾದ ಒಂದು ಪುಟ ನೋಡಿದರೆ ಅದು ಜಗಳದ ವರದಿಯ ಹಾಗಿರುತ್ತದೆ. ಪಂಥದ ಮೂಲಪುರುಷ ಅಬು ಹನೀಫಾ ಹೀಗಂದರು. ಅವರ ಶಿಷ್ಯರೇ ಆದ ಅಬು ಯೂಸುಫ್ ಮತ್ತು ಮುಹಮ್ಮದ್ ಅಲ್-ಶೈಬಾನಿ ಒಪ್ಪಲಿಲ್ಲ, ಹಾಗಂದರು. ಬೇರೆ ಪಂಥದ ಶಾಫಿಈ ಇನ್ನೊಂದು ಹೇಳಿದರು, ಅದಕ್ಕೆ ಕಾರಣ ಇದು, ನಮ್ಮ ಉತ್ತರ ಇದು. ಖಾಜಿ, ಅಂದರೆ ಇಸ್ಲಾಮಿಕ್ ನ್ಯಾಯಾಧೀಶ, ಆಗುವವನಿಗೆ ವಾದ ಮಾಡುವುದು ಹೇಗೆ ಅಂತ ಕಲಿಸುವ ಪುಸ್ತಕ ಅದು. ಜಡ್ಜ್ ಕೈಗೆ ಬಂದಾಗ ಅದು ಸೆಕ್ಷನ್, ಸಬ್‌ಸೆಕ್ಷನ್ ಇರುವ ಕಾಯ್ದೆಯಾಗಿಬಿಟ್ಟಿತು. ನಾನೂ ಹಳದಿ ಚೀಟಿ ಅಂಟಿಸಿ ಅದನ್ನೇ ಮಾಡಿದ್ದೆ.

ಅರಬಿ ಕಲಿಯದೆ ಬೇರೆ ದಾರಿ ಇರಲಿಲ್ಲ. ಇಪ್ಪತ್ತೇಳನೇ ವಯಸ್ಸಿನಲ್ಲಿ ಅಕ್ಷರ ತಿದ್ದಲು ಕೂತೆ. ಅರಬಿ ನಿಘಂಟಿನಲ್ಲಿ ಪದವನ್ನು ಅದು ಇದ್ದ ಹಾಗೇ ಹುಡುಕಿದರೆ ಸಿಗುವುದಿಲ್ಲ, ಅದರ ಮೂರಕ್ಷರದ ಧಾತು ಯಾವುದು ಅಂತ ಮೊದಲು ಕಂಡುಹಿಡಿದು ಅಲ್ಲಿಂದ ಬರಬೇಕು. ಶುರುವಿನಲ್ಲಿ ಒಂದು ಪ್ಯಾರಾಕ್ಕೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ಹಾಗೆ ಓದುವಾಗ ಪದೇ ಪದೇ ಎದುರಾದ ಪದ ಇಖ್ತಿಲಾಫ್, ಅಂದರೆ ಭಿನ್ನಾಭಿಪ್ರಾಯ. ಅದರ ಮೇಲೇ ಬೇರೆ ಪುಸ್ತಕಗಳಿವೆ. ನಮಗೆಲ್ಲ ತತ್ವಜ್ಞಾನಿ ಅಂತ ಗೊತ್ತಿರುವ ಇಬ್ನ್ ರುಶ್ದ್ ಸೆವಿಲ್ಲೆ ಮತ್ತು ಕಾರ್ಡೋಬಾದಲ್ಲಿ ಖಾಜಿಯಾಗಿದ್ದವರು. ಯಾವ ಪಂಥ ಯಾವ ವಿಷಯದಲ್ಲಿ ಏನು ಹೇಳಿತು ಅಂತಷ್ಟೇ ಬರೆದು ಬಿಡದೆ, ಅವರ ಅಭಿಪ್ರಾಯ ಬೇರೆಯಾಗಲು ಕಾರಣವೇನು, ಒಂದು ಪದಕ್ಕೆ ಎರಡು ಅರ್ಥ ಇತ್ತೇ, ಒಬ್ಬರಿಗೆ ಸಿಕ್ಕ ಹದೀಸ್ (ಪ್ರವಾದಿಯ ನಡೆನುಡಿಯ ವರದಿ) ಇನ್ನೊಬ್ಬರಿಗೆ ಸಿಗಲಿಲ್ಲವೇ ಅಂತ ಬಿಡಿಸಿ ಬಿಡಿಸಿ ಬರೆದರು. 1198ರಲ್ಲಿ ಅವರು ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳು ಮಾತ್ರ ಆಧುನಿಕ ತೌಲನಿಕ ಕಾನೂನು, ಅಂದರೆ ಬೇರೆ ಬೇರೆ ಕಾನೂನುಗಳನ್ನು ಹೋಲಿಸಿ ನೋಡುವ ಶಾಸ್ತ್ರ, 1900ರ ಪ್ಯಾರಿಸ್ ಸಮ್ಮೇಳನದಲ್ಲಿ ಶುರುವಾಯಿತು ಅಂತ ಬರೆಯುತ್ತವೆ. ಇರಲಿ ಬಿಡಿ.

ಆ ಸಮ್ಮೇಳನ ನಡೆಸಿದವರಲ್ಲಿ ಒಬ್ಬರು ಫ್ರಾನ್ಸಿನ ಕಾನೂನು ವಿದ್ವಾಂಸ ಎದುವಾರ್ ಲಾಂಬೇರ್. ಅವರ ಶಿಷ್ಯರಾಗಿ ಲಿಯಾನ್‌ನಲ್ಲಿ ಓದಿದ ಈಜಿಪ್ಟಿನ ಕಾನೂನು ಪಂಡಿತ ಸನ್ಹೂರಿಯವರೇ ಮುಂದೆ ಈಜಿಪ್ಟಿನ ಸಿವಿಲ್ ಕೋಡ್ ಬರೆದಿದ್ದು. 1949ರಲ್ಲಿ ಜಾರಿಯಾದ ಆ ಕೋಡ್‌ನ ಮೊದಲ ಕಲಮನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಓದಿಸುತ್ತೇನೆ. ಜಡ್ಜ್ ಮೊದಲು ಕಾಯ್ದೆ ನೋಡಬೇಕು. ಅಲ್ಲಿ ಇಲ್ಲದಿದ್ದರೆ ರೂಢಿ, ಅದೂ ಇಲ್ಲದಿದ್ದರೆ ಶರಿಯಾದ ತತ್ವಗಳು, ಕೊನೆಗೆ ಸಹಜ ನ್ಯಾಯ. ಶರಿಯಾ ಮೂರನೇ ಸಾಲಿನಲ್ಲಿ ಕೂತಿದೆ. ಇದು ಇಸ್ಲಾಮಿಕ್ ಕಾನೂನೋ ಫ್ರೆಂಚ್ ಕಾನೂನೋ ಅಂತ ಕ್ಲಾಸಿನಲ್ಲಿ ಗಲಾಟೆ ಶುರುವಾಗುತ್ತದೆ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಥೀಸಿಸ್ ಹೊಸದಾಗಿ ಬರೆದಾಗ ನಾನು ಹಿಡಿದುಕೊಂಡಿದ್ದು ತುಂಬಾ ಚಿಕ್ಕ ವಿಷಯ. ಗಂಡ ಕಾಣೆಯಾದರೆ ಹೆಂಡತಿ ಎಷ್ಟು ವರ್ಷ ಕಾಯಬೇಕು? ಹನಫಿ ಗ್ರಂಥಗಳ ಪ್ರಕಾರ ಅವನ ವಯಸ್ಸಿನವರೆಲ್ಲ ಸಾಯುವವರೆಗೆ, ಕೆಲವರ ಲೆಕ್ಕದಲ್ಲಿ ಅವನಿಗೆ 90 ವರ್ಷ ತುಂಬುವವರೆಗೆ. ಇಪ್ಪತ್ತರ ಹುಡುಗಿಗೆ ಇದು ಜೀವಾವಧಿ ಶಿಕ್ಷೆ ಅಲ್ವಾ? ಇನ್ನೊಂದು ಸುನ್ನಿ ಪಂಥವಾದ ಮಾಲಿಕಿಯಲ್ಲಿ ಖಾಜಿಗೆ ದೂರು ಕೊಟ್ಟ ಮೇಲೆ ನಾಲ್ಕು ವರ್ಷ ಕಾದು, ಆಮೇಲೆ ಇದ್ದತ್ (ಮರುಮದುವೆಗೆ ಮೊದಲಿನ ಕಡ್ಡಾಯ ಕಾಯುವ ಅವಧಿ) ಮುಗಿಸಿದರೆ ಬಿಡುಗಡೆ. ಬ್ರಿಟಿಷ್ ಇಂಡಿಯಾದ ಕೋರ್ಟುಗಳು ಹನಫಿ ಪುಸ್ತಕವನ್ನೇ ಕಾಯ್ದೆ ಅಂತ ಹಿಡಿದಿದ್ದರಿಂದ ಅಲ್ಲಿ ದಾರಿ ಇರಲಿಲ್ಲ. ಕೆಲವು ಹೆಂಗಸರು ಒಂದು ಉಪಾಯ ಕಂಡುಕೊಂಡರು. ಧರ್ಮ ಬಿಟ್ಟೆ ಅಂತ ಘೋಷಿಸಿಬಿಟ್ಟರೆ ಮದುವೆ ತಾನಾಗಿಯೇ ಮುರಿಯುತ್ತದೆ!

ಉಲೇಮಾಗಳಿಗೆ, ಅಂದರೆ ಧರ್ಮವಿದ್ವಾಂಸರಿಗೆ, ಇದು ದೊಡ್ಡ ತಲೆನೋವು. ಉತ್ತರ ಭಾರತದ ದೇವಬಂದ್ ಮದ್ರಸಾ ಪರಂಪರೆಯ ಅಶ್ರಫ್ ಅಲಿ ಥಾನವಿ ಹನಫಿಗಳಲ್ಲೇ ಹೆಸರಾದವರು. ಅವರು ಮದೀನಾದ ಮಾಲಿಕಿ ವಿದ್ವಾಂಸರಿಗೆ ಕಾಗದ ಬರೆದು ಅಭಿಪ್ರಾಯ ತರಿಸಿಕೊಂಡು, ಇಂಥ ಕಷ್ಟದಲ್ಲಿ ಮಾಲಿಕಿ ನಿಯಮ ಬಳಸಬಹುದು ಎಂದು ಬರೆದರು. ಕೊನೆಗೆ 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ ಬಂತು. ಅದರ 2ನೇ ಸೆಕ್ಷನ್ನಿನ ಮೊದಲ ಕಾರಣವೇ ನಾಲ್ಕು ವರ್ಷ ಗಂಡನ ಸುಳಿವಿಲ್ಲದಿರುವುದು. 4ನೇ ಸೆಕ್ಷನ್ನಿನಲ್ಲಿ, ಹೆಂಡತಿ ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ ಎಂದು ಆ ಹಳೆಯ ಬಾಗಿಲು ಮುಚ್ಚಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಉಲೇಮಾಗಳು ಕೇಳಿದ್ದು ಮುಸ್ಲಿಂ ಜಡ್ಜ್ ಮುಂದೆಯೇ ವಿಚಾರಣೆ ಆಗಬೇಕು ಅಂತ. ಕಾಯ್ದೆಯಲ್ಲಿ ಆ ಮಾತು ಉಳಿಯಲಿಲ್ಲ. ಹಾಗಾಗಿ ಅವರು ಬಯಸಿದ ನಿಯಮವೇ ಬಂದರೂ ಅವರಲ್ಲಿ ಹಲವರಿಗೆ ಅದು ತಮ್ಮ ಕಾನೂನು ಅನ್ನಿಸಲಿಲ್ಲ. ಬರೆದಿರುವ ಸಾಲು ಒಂದೇ, ಅದನ್ನು ಹೇಳುವ ಬಾಯಿ ಬೇರೆ. ನನ್ನ ಇಷ್ಟು ವರ್ಷದ ಕೆಲಸವೆಲ್ಲ ಈ ಒಂದು ಗಂಟನ್ನೇ ಬಿಚ್ಚುವುದರಲ್ಲಿ ಕಳೆದಿದೆ. "ಇಸ್ಲಾಂ ಕಾನೂನು ಏನು ಹೇಳುತ್ತದೆ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು "ಯಾರ ಮುಂದೆ?" ಅಂತ. ಜನಕ್ಕೆ ಇದು ಜಾರಿಕೊಳ್ಳುವ ಮಾತಿನ ಹಾಗೆ ಕೇಳಿಸುತ್ತದೆ.

ಕೆಲಸ ಸಿಗುವುದು ಇನ್ನೊಂದು ರಗಳೆ. ಕಾನೂನು ವಿಭಾಗದ ಸಂದರ್ಶನದಲ್ಲಿ "ಇದೆಲ್ಲ ಇತಿಹಾಸ ಅಲ್ವಾ?" ಎಂದರು. ಇತಿಹಾಸದವರು "ಇದು ಕಾನೂನು ಆಯ್ತಲ್ಲ" ಎಂದರು. ಧರ್ಮಗಳ ಅಧ್ಯಯನ ವಿಭಾಗದವರಿಗೆ ನಾನು ನಂಬಿಕೆಯ ಬಗ್ಗೆ ಒಂದು ಮಾತೂ ಬರೆದಿಲ್ಲ ಅನ್ನುವ ಕೊರಗು. ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತಾರೆ, ನನ್ನದು ಮೂರು. ಐದು ವರ್ಷ ಒಂದೊಂದು ವರ್ಷದ ಕರಾರಿನಲ್ಲೇ ಪಾಠ ಮಾಡಿದೆ.

ಕೊನೆಗೆ ನನ್ನ ಕೈ ಹಿಡಿದಿದ್ದು ಕಾನೂನು ಬಹುತ್ವದ ಪಾಠ. ಒಂದೇ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಕಾನೂನು ಒಟ್ಟಿಗೆ ಓಡಾಡುವುದಕ್ಕೆ ಈ ಹೆಸರು. 1986ರಲ್ಲಿ ಜಾನ್ ಗ್ರಿಫಿತ್ಸ್ ಎಂಬ ಕಾನೂನು ವಿದ್ವಾಂಸರು ಒಂದು ಲೇಖನದಲ್ಲಿ ಇದನ್ನು ಎರಡು ಮಾಡಿದರು. ಸರ್ಕಾರವೇ ಒಪ್ಪಿ ಜಾಗ ಕೊಟ್ಟ ಬಹುತ್ವ ಒಂದು, ಸರ್ಕಾರ ಒಪ್ಪಲಿ ಬಿಡಲಿ ಜನ ಪಾಲಿಸುವ ಬಹುತ್ವ ಇನ್ನೊಂದು. ಮೊದಲನೆಯದು ಅವರ ಪ್ರಕಾರ ದುರ್ಬಲ. ಆ ದುರ್ಬಲವಾದದ್ದೇ ಜನರ ಬದುಕನ್ನು ಜಾಸ್ತಿ ಹಿಂಡುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಅದರ ಬೆನ್ನಿಗೆ ಪೊಲೀಸ್ ಇರುತ್ತಾರೆ.

ಗ್ರೀಸಿನ ಮೊಲ್ಲಾ ಸಾಲಿ ಕೇಸು ನೋಡಿ. ಅಲ್ಲಿನ ಥ್ರೇಸ್ ಪ್ರದೇಶದ ಮುಸ್ಲಿಂ ಅಲ್ಪಸಂಖ್ಯಾತರಿಗೆ 1923ರ ಲೌಸಾನ್ ಒಪ್ಪಂದದ ಕಾಲದ ರಕ್ಷಣೆಗಳ ಹೆಸರಿನಲ್ಲಿ ಕುಟುಂಬದ ವಿಷಯಕ್ಕೆ ಮುಫ್ತಿಗಳೇ (ಇಸ್ಲಾಮಿಕ್ ಕಾನೂನಿನ ಅಧಿಕಾರಿಗಳು) ತೀರ್ಪುಗಾರರಾಗಿದ್ದರು. ಒಬ್ಬ ಗಂಡ ನೋಟರಿ ಮುಂದೆ ಸಿವಿಲ್ ಕಾನೂನಿನ ಪ್ರಕಾರ ವಿಲ್ ಬರೆದು ಎಲ್ಲವನ್ನೂ ಹೆಂಡತಿಗೆ ಬಿಟ್ಟ. ಅವನು ಸತ್ತ ಮೇಲೆ ಅವನ ಸೋದರಿಯರು ಕೋರ್ಟಿಗೆ ಹೋದರು. ಅವನು ಮುಸ್ಲಿಂ, ಆ ವಿಲ್ ನಡೆಯುವುದಿಲ್ಲ ಅಂತ. ದೇಶದ ಅತ್ಯುನ್ನತ ಕೋರ್ಟ್ ಸೋದರಿಯರ ವಾದ ಒಪ್ಪಿತು. ಹೆಂಡತಿಯ ಕೈಯಿಂದ ಮುಕ್ಕಾಲು ಪಾಲು ಹೋಯಿತು. 2018ರ ಡಿಸೆಂಬರ್ 19ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಾರತಮ್ಯ ಎಂದಿತು. ಅಲ್ಪಸಂಖ್ಯಾತರ ರಕ್ಷಣೆ ಸರಿ, ಆದರೆ ಆ ರಕ್ಷಣೆ ನನಗೆ ಬೇಡ ಅನ್ನುವ ಹಕ್ಕೂ ಅವರಿಗಿದೆ ಎಂದು. ತೀರ್ಪಿಗೆ ಮೊದಲೇ, ಅದೇ ವರ್ಷದ ಜನವರಿಯಲ್ಲಿ, ಗ್ರೀಸ್ ಕಾನೂನು ತಿದ್ದಿ ಮುಫ್ತಿ ಹತ್ತಿರ ಹೋಗುವುದನ್ನು ಐಚ್ಛಿಕ ಮಾಡಿತ್ತು. ಒಂದು ನೂರು ವರ್ಷ ಹಳೆಯ ಒಪ್ಪಂದ, ಒಬ್ಬಳು ವಿಧವೆ, ಒಂದು ಕಾಗದ. ಈ ಕೇಸು ಪಾಠ ಮಾಡುವ ದಿನ ನಾನು ನೋಟ್ಸ್ ಒಯ್ಯುವುದೇ ಇಲ್ಲ.

ಆಗೀಗ ವಕೀಲರ ಮೇಲ್ ಬರುತ್ತದೆ, ಕೋರ್ಟಿಗೆ ತಜ್ಞರ ಅಭಿಪ್ರಾಯ ಬೇಕು ಅಂತ. ಹೆಚ್ಚಿನವು ಮೆಹರ್ ಬಗ್ಗೆ. ಮದುವೆಯ ಹೊತ್ತಿಗೆ ಗಂಡ ಒಪ್ಪಿಕೊಂಡ ಈ ಹಣವನ್ನು ಮುಸ್ಲಿಮೇತರ ದೇಶದ ಕೋರ್ಟ್ ಯಾವ ಡಬ್ಬಿಗೆ ಹಾಕಬೇಕು? ಕರಾರು ಅನ್ನಬೇಕೇ, ಜೀವನಾಂಶ ಅನ್ನಬೇಕೇ, ದಂಪತಿಯ ಆಸ್ತಿ ಹಂಚಿಕೆ ಅನ್ನಬೇಕೇ? 2002ರಲ್ಲಿ ನ್ಯೂಜೆರ್ಸಿಯ ಒಂದು ಕೋರ್ಟ್ ಧರ್ಮದ ಗೊಡವೆಗೇ ಹೋಗದೆ, ಇಬ್ಬರು ಒಪ್ಪಿ ಸಹಿ ಹಾಕಿದ ಕರಾರು ಇದು, ಕೊಡು ಎಂದಿತು. ಜೀವನಾಂಶ ಅಂದುಕೊಂಡರೆ ಲೆಕ್ಕವೇ ಬೇರೆಯಾಗುತ್ತದೆ, ಹೆಂಡತಿಗೆ ಸಂಬಳ ಇದೆಯಲ್ಲ ಅನ್ನುವ ಪ್ರಶ್ನೆ ಬರುತ್ತದೆ. ನನ್ನ ಮೊದಲ ವರದಿಯಲ್ಲಿ ಇದನ್ನೆಲ್ಲ ಹದಿನಾಲ್ಕು ಪುಟ ಬರೆದು ಕಳಿಸಿದ್ದೆ. ವಕೀಲರು ಫೋನ್ ಮಾಡಿ, "ಸರ್, ಚೆನ್ನಾಗಿದೆ, ಆದರೆ ಹೌದಾ ಅಲ್ವಾ ಹೇಳಿಬಿಡಿ" ಎಂದರು. ಎರಡು ಪುಟಕ್ಕೆ ಇಳಿಸಿದೆ. ಆ ಎರಡು ಪುಟದಲ್ಲೂ "ಸಾಮಾನ್ಯವಾಗಿ" ಅನ್ನುವ ಪದ ಆರು ಸಲ ಇತ್ತು.

ಈ ಕ್ಷೇತ್ರಕ್ಕೆ ಬರಬಹುದಾ ಅಂತ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಬನ್ನಿ, ಆದರೆ ಸಿದ್ಧಾಂತ ಆಮೇಲೆ, ಭಾಷೆ ಮೊದಲು. ನನ್ನ ಹಾಗೆ ಉಲ್ಟಾ ಮಾಡಬೇಡಿ. ನಾನಂತೂ ಈಗ ಐವತ್ತರ ಹತ್ತಿರ ಬಂದು, ಹ್ಯಾಮಿಲ್ಟನ್ ಎದುರಿಗಿಟ್ಟುಕೊಂಡಿದ್ದ ಆ ಪರ್ಷಿಯನ್ ಅನುವಾದವನ್ನು ನಾನೇ ಓದಬೇಕು ಅಂತ ಹಟ ಹಿಡಿದು ಪರ್ಷಿಯನ್ ಕ್ಲಾಸಿಗೆ ಸೇರಿದ್ದೇನೆ. ಕ್ಲಾಸಿನಲ್ಲಿ ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಹೋದ ವಾರದ ಟೆಸ್ಟಿನಲ್ಲಿ ನನಗೇ ಕಡಿಮೆ ಮಾರ್ಕ್ಸ್. ಭೂತಕಾಲದ ಕ್ರಿಯಾಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.