ಮುತ್ತಜ್ಜನ ಅವ್ವ

ನಿನ್ನೆ ಊರಿಗೆ ಹೋಗಿದ್ದೆ, ಸರಿಯಾಗಿ ಅದೇ ಹೊತ್ತಿಗೆ ಹೆಳವರು ಬಂದಿದ್ದರು. ಮೊದಲೆಲ್ಲ ಎತ್ತಿನ ಮೇಲೆ ಕೂತು ಬರುತ್ತಿದ್ದರಂತೆ, ಇವರು ಬಂದಿದ್ದು ಬೈಕಿನಲ್ಲಿ. ಹಳೇ ಪುಸ್ತಕ ಬಿಚ್ಚಿ ನಮ್ಮ ವಂಶ ಹೇಳುತ್ತಾ ಹೋದರು, ಇಂಥವನ ಮಗ ಇಂಥವನು, ಅವನಿಗೆ ಮೂರು ಗಂಡು, ಯಾವ ಊರಿಂದ ಯಾಕೆ ಎದ್ದು ಬಂದರು ಅಂತೆಲ್ಲ. ನನಗೆ ಬೇಕಾಗಿದ್ದು ಮುತ್ತಜ್ಜನ ಅವ್ವ. ಅವಳ ಬಗ್ಗೆ ಅಲ್ಲಿ ಇದ್ದದ್ದು ತವರೂರಿನ ಹೆಸರು ಮಾತ್ರ!

ಮನೆಯಲ್ಲಿ ಉಳಿದಿರೋದು ಒಂದೇ ಮಾತು, 'ಧಾತು ಬರದಲ್ಲಿ ರೈಲು ದಾರಿಗೆ ಮಣ್ಣು ಹೊತ್ತವಳು' ಅಂತ. ಸುಮ್ನೆ ಕಥೆ ಅಂದುಕೊಂಡಿದ್ದೆ. ನೋಡಿದರೆ ಧಾತು, ಈಶ್ವರ ಸಂವತ್ಸರ ಅಂದರೆ 1876-78ರ ಬರ, ಬೆಂಗಳೂರು-ಮೈಸೂರು ರೈಲು ದಾರಿ ಹಾಕೋಕೆ ಆಗ ನಿಜವಾಗಿಯೂ ಬರಪರಿಹಾರದ ಕೂಲಿಯವರನ್ನು ಹಚ್ಚಿದ್ದರು, ಅದು ನಮ್ಮ ಮಂಡ್ಯದ ಮೇಲೇ ಹೋಗುವ ದಾರಿ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಜಾಸ್ತಿ, 1881ರಲ್ಲಿ 42 ಲಕ್ಷವೂ ಇಲ್ಲ. ಉಳಿದವರಲ್ಲಿ ಅವಳೂ ಒಬ್ಬಳು, ಇಲ್ಲದಿದ್ದರೆ ನಾನೆಲ್ಲಿ ಇರುತ್ತಿದ್ದೆ ಅಲ್ವಾ.

ವಾರಕ್ಕೊಮ್ಮೆ ಅದೇ ದಾರಿಯಲ್ಲಿ ಓಡಾಡುತ್ತೇನೆ, ಕಿಟಕಿ ಪಕ್ಕ ಕೂತು ಮೊಬೈಲ್ ನೋಡಿಕೊಂಡು.

ಹೆಳವರು ಹೊರಡುವಾಗ ದೊಡ್ಡಮ್ಮ ಮೊರದ ತುಂಬ ರಾಗಿ ಕೊಟ್ಟು, "ಈ ಸಲ ನಮ್ಮನೆ ಹೆಣ್ಮಕ್ಕಳ ಹೆಸರೂ ಬರ್ಕೊಳಪ್ಪ" ಅಂದರು. ಅವರು ಪೆನ್ನು ಕೇಳಿದರು.